ಬಲಗಿವಿಯ ಹಿಂದಿನ ತಾಮ್ರ

ಗುರುವಾರ ಸಂಜೆ ಸೊಸೆ ಕೆಲಸದಿಂದ ಬಂದಾಗ ಅವಳ ತಲೆಗೆ ಬೂದುಬಣ್ಣದ ಬಟ್ಟೆ ಸುತ್ತಿತ್ತು. ಹಣೆಯ ಅಂಚಿನಿಂದ ಕತ್ತಿನ ಹಿಂಭಾಗದವರೆಗೆ ಎಲ್ಲವನ್ನೂ ಮುಚ್ಚಿ ಬಿಗಿಯಾಗಿ ಗಂಟು ಹಾಕಿದ್ದಳು. ಅಂಗಳದಲ್ಲಿ ಈರುಳ್ಳಿ ಹರವುತ್ತಿದ್ದ ಅತ್ತೆ ತಲೆ ಎತ್ತಿ ನೋಡಿದಳು, ಈರುಳ್ಳಿಯ ಕಡೆ ತಿರುಗಿದಳು, ಮತ್ತೆ ತಲೆ ಎತ್ತಿದಳು.

"ತಲೆನೋವಾ?"

"ಇಲ್ಲ ಅತ್ತೆ."

"ಗಾಳಿ ಇಲ್ಲ, ಧೂಳಿಲ್ಲ. ಮತ್ತೆ ಇದೇನು ವೇಷ?"

"ಸೋಮವಾರದವರೆಗೆ ಹೀಗೇ. ಅಂಗಡಿ ಕಟ್ಟುಪಾಡು."

"ಅಂಗಡಿ ಕಟ್ಟುಪಾಡು ಅಂಗಡೀಲಿ. ಮನೆಗ್ಯಾಕೆ ಹೊತ್ಕೊಂಡು ಬಂದೆ?"

ಸೊಸೆ ನಗುತ್ತಾ ಒಳಗೆ ಹೋದಳು. ಆ ಬೆನ್ನಿನ ಮೇಲೆ ಜಡೆ ಇರಲಿಲ್ಲ. ಮದುವೆಯಾಗಿ ಬಂದಾಗ ಸೊಂಟದವರೆಗೆ ಇಳಿಯುತ್ತಿದ್ದ ಜಡೆ ಅದು. ಜ್ವರ ಬಿದ್ದು ಕೂದಲು ಉದುರಿದಾಗ ಅತ್ತೆಯೇ ದಿನವೂ ಎಣ್ಣೆ ತಿಕ್ಕಿ ಉಳಿಸಿದ್ದಳು. ಕೈಯಲ್ಲಿದ್ದ ಈರುಳ್ಳಿಯ ಸಿಪ್ಪೆಯನ್ನು ಅವಳು ಬಹಳ ಹೊತ್ತು ಸುಲಿದಳು. ಸುಲಿಯುವಂಥದ್ದು ಏನೂ ಉಳಿಯದಿದ್ದರೂ ಸುಲಿದಳು.

ಊಟಕ್ಕೆ ರೊಟ್ಟಿ, ಬೇಳೆ, ಹುರಿದ ಆಲೂಗಡ್ಡೆ. ಹಾಲಿನ ವ್ಯಾನು ಓಡಿಸುವ ಮಗ ಕೈ ತೊಳೆದು ಬಂದು ಕೂತ. ಅವನ ಕಣ್ಣು ಹೆಂಡತಿಯ ತಲೆಯ ಮೇಲೆ ನಿಂತಿತು.

"ಬಟ್ಟೆ ತೆಗೀಬಾರದಾ? ಉಣ್ಣೋವಾಗಲಾದ್ರೂ."

"ಯಾರಿಗೂ ತೋರಿಸಬಾರದು ಅಂತ ಮಾತು ಕೊಟ್ಟಿದೀನಿ. ನಾಕು ದಿನ ತಡೀರಿ."

"ನಾನು ಯಾರಿಗೂ ಅನ್ನೋದರಲ್ಲಿ ಬರ್ತೀನಾ?"

"ಬರ್ತೀರಿ. ನಿಮ್ಮ ವ್ಯಾನು ಹೋಗದ ಬೀದಿ ಇಲ್ಲ, ನಿಮ್ಮ ಬಾಯಿ ನಿಲ್ಲದ ಮನೆ ಇಲ್ಲ."

ಮಾವ ನಕ್ಕ. ಹಳ್ಳಿ ಬಿಟ್ಟು ಪಟ್ಟಣದ ಅಂಚಿಗೆ ಬಂದ ಮೇಲೂ ಅವನು ಹಿತ್ತಲಲ್ಲಿ ನಾಲ್ಕು ಮಡಿ ತರಕಾರಿ ಇಟ್ಟುಕೊಂಡಿದ್ದ. ಮನೆಯ ಜಗಳಗಳನ್ನು ಮಳೆಯಂತೆ ನೋಡುತ್ತಿದ್ದ. ಬಂದರೆ ಬರಲಿ, ನಿಂತರೆ ನಿಲ್ಲಲಿ.

ಅತ್ತೆ ನಗಲಿಲ್ಲ. "ಗಂಡನಿಗೆ ತೋರಿಸದ ಸಿಂಗಾರ ಯಾರಿಗೆ ತೋರಿಸೋಕೆ?" ಎಂದು ರೊಟ್ಟಿಯನ್ನು ಕೇಳಿದಳು.

ಸೊಸೆ ಕೆಲಸ ಮಾಡುತ್ತಿದ್ದ ಪಾರ್ಲರು ಪೇಟೆ ಬೀದಿಯ ತಿರುವಿನಲ್ಲಿತ್ತು. ಋತು ತಿರುಗುವ ಮೊದಲು ತನ್ನ ಕೆಲಸದವರು ತಿರುಗಬೇಕು ಎಂಬುದು ಅದರ ಒಡತಿಯ ಕಟ್ಟುಪಾಡು. ಚಳಿಗೆ ಕಂದು ಏಪ್ರನ್ನು, ಗಾಢ ಬಣ್ಣದ ಉಗುರು, ಹಣೆ ಮುಚ್ಚುವ ಮುಂಗೂದಲು. ಬೇಸಿಗೆಗೆ ತೆಳು ಬಟ್ಟೆ, ಬಣ್ಣವಿಲ್ಲದ ಉಗುರು, ಕತ್ತು ಬಿಟ್ಟುಕೊಟ್ಟ ಕೂದಲು. "ತನ್ನ ತಲೆಗೆ ಕತ್ತರಿ ಹಾಕಿಸಿಕೊಳ್ಳೋಕೆ ಹೆದರೋಳ ಕೈಗೆ ಗಿರಾಕಿ ತಲೆ ಕೊಡ್ತಾಳಾ?" ಎಂಬುದು ಒಡತಿಯ ಪ್ರಶ್ನೆ. ಹೊಸ ರೂಪವನ್ನು ಮೊದಲು ಒಬ್ಬಳ ಮೇಲೆ ಮಾಡಿ ನೋಡುತ್ತಿದ್ದರು. ಬೀದಿಗೆ ಕಾಣುವ ಕಿಟಕಿ ಪಕ್ಕದ ಕುರ್ಚಿ ಆ ಋತುವಿಡೀ ಅವಳದು. ಅಲ್ಲಿ ನಿಂತವಳನ್ನೇ ಗಿರಾಕಿಗಳು ಕೇಳಿಕೊಂಡು ಬರುತ್ತಿದ್ದರು. ಅವಳು ಟವಲು ಒಗೆಯಬೇಕಾಗಿರಲಿಲ್ಲ. ಉಳಿದ ಹುಡುಗಿಯರಿಗೆ ಭಾನುವಾರ ಬಾಗಿಲು ಹಾಕಿಕೊಂಡು ಮಾಡಿ, ಸೋಮವಾರ ಎಲ್ಲರೂ ಒಟ್ಟಿಗೆ ಹೊಸಬರಾಗಿ ನಿಲ್ಲಬೇಕು. ಅಲ್ಲಿಯವರೆಗೆ ಗುಟ್ಟು. ಏಕೆಂದರೆ ಬೀದಿಯ ಆಚೆ ಬದಿಯಲ್ಲಿ ಇನ್ನೊಂದು ಪಾರ್ಲರಿತ್ತು, ಅದರ ಒಡತಿಗೆ ಸ್ವಂತದ ಕಲ್ಪನೆ ಕಡಿಮೆ, ಕಣ್ಣು ಚುರುಕು.

ಈ ಬೇಸಿಗೆಗೆ ಕಿಟಕಿ ಕುರ್ಚಿ ಸೊಸೆಗೆ ಬಂದಿತ್ತು. ಕೆಲಸಕ್ಕೆ ಸೇರಿದಂದಿನಿಂದ ಅವಳು ಕಾದದ್ದು ಅದಕ್ಕೆ. ಜಡೆಯನ್ನು ಭುಜದ ಮೇಲಕ್ಕೆ ಕತ್ತರಿಸಿ, ಬಲಗಿವಿಯ ಹಿಂದೆ ಬೆರಳಗಲದ ಒಂದು ಪಟ್ಟಿಗೆ ಮಾತ್ರ ತಾಮ್ರದ ಬಣ್ಣ ಹಚ್ಚಿದ್ದರು. ಕೂದಲನ್ನು ಕಿವಿಯ ಹಿಂದಕ್ಕೆ ಸರಿಸಿದಾಗಷ್ಟೇ ಅದು ಮಿಂಚಬೇಕು. ಬಣ್ಣ ಹಚ್ಚಿದವಳು ಜೊತೆಯ ಕೆಲಸದವಳು; ಗುಂಗುರು ಕೂದಲಿನಿಂದಾಗಿ ಎಲ್ಲರೂ ಅವಳನ್ನು ಗುಂಗುರಿ ಎಂದೇ ಕರೆಯುತ್ತಿದ್ದರು. ಈ ಪಟ್ಟಿಯ ವಿಷಯ ಗೊತ್ತಿದ್ದದ್ದು ಒಡತಿಗೆ, ಗುಂಗುರಿಗೆ, ಸೊಸೆಗೆ. ಮೂವರಿಗೇ.

ಶುಕ್ರವಾರದಿಂದ ನಾಲ್ವರಿಗಾಯಿತು.

ಬಚ್ಚಲ ಕೋಣೆಯ ಬಾಗಿಲಿನ ಚಿಲಕ ಸವೆದಿತ್ತು. ಎಳೆದುಕೊಂಡರೂ ಎರಡು ಬೆರಳಿನಷ್ಟು ಸಂದಿ ಉಳಿಯುತ್ತಿತ್ತು. ಮನೆಯ ಒಂದೇ ಕನ್ನಡಿ ಒಳಗಿನ ಗೋಡೆಯಲ್ಲಿ ಇತ್ತು. ಬೆಳಿಗ್ಗೆ ಒಲೆಯ ಮುಂದೆ ಕೂತಿದ್ದ ಅತ್ತೆಗೆ ಸಂದಿಯಲ್ಲಿ ಸೊಸೆ ಕಾಣಲಿಲ್ಲ. ಕನ್ನಡಿಯೊಳಗಿನ ಸೊಸೆ ಕಂಡಳು. ತಲೆಯ ಬಟ್ಟೆ ಬಿಚ್ಚಿ, ಮುಖ ಓರೆ ಮಾಡಿ, ಕೂದಲನ್ನು ಕಿವಿಯ ಹಿಂದೆ ಸರಿಸಿಕೊಂಡು, ಒಬ್ಬಳೇ ನಗುತ್ತಿದ್ದಳು. ಕಿವಿಯ ಹಿಂದೆ ಒಂದು ಎಳೆ ಬೆಂಕಿಯ ಹಾಗೆ ಹೊಳೆಯಿತು. ಒಲೆಯ ಮೇಲಿನ ಹಾಲು ಉಕ್ಕಿ ಚೆಲ್ಲಿದರೂ ಅತ್ತೆ ಏಳಲಿಲ್ಲ.

ಆ ದಿನ ಮಧ್ಯಾಹ್ನ ಮಗ ಊಟಕ್ಕೆ ಬಂದಾಗ ಅವಳು ಮೊಟ್ಟೆ ಬಡಿಸುತ್ತಾ ಹೇಳಿದಳು:

"ಕೂದಲೊಳಗೆ ಬಚ್ಚಿಟ್ಕೊಂಡಿರೋ ಗುರುತು ಕಣೋ. ಸರಿಸಿದ್ರೆ ಕಾಣುತ್ತೆ, ಬಿಟ್ರೆ ಇಲ್ಲ. ಎಲ್ಲರಿಗೂ ಕಾಣೋ ಸಿಂಗಾರ ಅಂದ್ರೆ ಕೆಲಸಕ್ಕೆ ಅನ್ಕೋಬಹುದು. ಇದು ಯಾರೋ ಒಬ್ಬರಿಗೆ."

"ಅಮ್ಮಾ, ಸುಮ್ನಿರು."

"ಸುಮ್ನಿರ್ತೀನಿ. ನೀನೂ ಸುಮ್ನಿರು. ಇಬ್ಬರೂ ಸುಮ್ನಿದ್ದು ನೋಡೋಣ."

ಮಗ ಮೊಟ್ಟೆಯನ್ನು ಅರ್ಧಕ್ಕೆ ಬಿಟ್ಟು ಎದ್ದ. ಸಂಜೆಯ ಹಾಲಿನ ಸರದಿ ಮುಗಿದ ಮೇಲೆ ವ್ಯಾನನ್ನು ಪೇಟೆ ಬೀದಿಯಲ್ಲಿ, ಪಾರ್ಲರಿನಿಂದ ಸ್ವಲ್ಪ ದೂರದಲ್ಲಿ ನಿಲ್ಲಿಸಿಕೊಂಡು ಕೂತ. ಶ್ಯಾಂಪೂ ಡಬ್ಬಿ ತರುವ ಮುದುಕನೊಬ್ಬ ಒಳಗೆ ಹೋಗಿ ಬಂದ. ಗಿರಾಕಿಗಳು ಹೋದರು, ಬಂದರು. ಬೇರೇನೂ ಆಗಲಿಲ್ಲ. ಏನೂ ಆಗದಿದ್ದದ್ದೇ ಅವನಿಗೆ ಇನ್ನಷ್ಟು ಕಸಿವಿಸಿ.

ರಾತ್ರಿ ಊಟದ ಹೊತ್ತಿಗೆ ಹೆಂಡತಿ ಅವನ ತಟ್ಟೆಗೆ ಬೇಳೆ ಹಾಕುತ್ತಾ ಕೇಳಿದಳು: "ಇವತ್ತು ನಮ್ಮ ಬೀದೀಲಿ ಯಾರ ಮನೆಗೆ ಹಾಲು ಹಾಕಿದ್ರಿ?"

"ಯಾವ ಬೀದಿ?"

"ಕನ್ನಡಿ ಮುಂದೆ ನಿಂತು ಕೆಲಸ ಮಾಡೋಳು ನಾನು. ನನ್ನ ಬೆನ್ನ ಹಿಂದೆ ನಿಂತಿದ್ದೆಲ್ಲ ನನ್ನ ಮುಂದೇ ಇರುತ್ತೆ."

ಮಾವ ಕೆಮ್ಮಿದ. ಗಂಡ ನೀರು ಕುಡಿದ. ಅತ್ತೆ ಮಾತ್ರ ಕಣ್ಣು ಕಿರಿದು ಮಾಡಿಕೊಂಡಳು. ಕಳ್ಳತನ ಇಲ್ಲದವಳು ಇಷ್ಟು ಎಚ್ಚರವಾಗಿರುತ್ತಾಳಾ?

ಶನಿವಾರ ಉಪ್ಪು ತರುತ್ತೇನೆಂದು ಹೇಳಿ ಅತ್ತೆ ಪೇಟೆಗೆ ಹೋದಳು. ಸೊಸೆಯ ಅಂಗಡಿಯಲ್ಲಿ ಕೇಳಿದರೆ ಅವಳ ಕಡೆಯವರು ಅವಳ ಪರವಾಗಿಯೇ ಹೇಳುತ್ತಾರೆ; ನ್ಯಾಯ ತಿಳಿಯಬೇಕಾದರೆ ಆಚೆಯವರನ್ನು ಕೇಳಬೇಕು. ಹಳ್ಳಿಯಲ್ಲಿ ಹಸು ಕೊಳ್ಳುವಾಗ ಹಾಗೇ ಮಾಡುತ್ತಿದ್ದರು, ಮಾರುವವನನ್ನು ಬಿಟ್ಟು ಪಕ್ಕದ ಮನೆಯವನನ್ನು ಕೇಳುತ್ತಿದ್ದರು. ಅವಳು ನೇರ ಎದುರಂಗಡಿಯ ಮೆಟ್ಟಿಲು ಹತ್ತಿದಳು.

ಎದುರಂಗಡಿಯ ಒಡತಿ ದುಂಡು ಮುಖದ ಹೆಂಗಸು, ಜೇನಿನಂಥ ಮಾತು. "ಬನ್ನಿ ಅಮ್ಮಾ, ಕೂತ್ಕೊಳ್ಳಿ. ಬಿಸಿಲಲ್ಲಿ ಬಂದಿದೀರಿ, ಚಹಾ ಕುಡೀರಿ."

"ಚಹಾ ಬೇಡ. ಒಂದು ಮಾತು ಕೇಳೋಕೆ ಬಂದೆ. ನಿಮ್ಮ ಕಸುಬಿನಲ್ಲಿ, ಈ ಕಿವಿ ಹಿಂದೆ ಒಂದೇ ಒಂದು ಪಟ್ಟಿಗೆ ಬಣ್ಣ ಹಾಕ್ಕೊಳ್ಳೋ ಪದ್ಧತಿ ಉಂಟಾ?"

ಒಡತಿಯ ಕೈಯಲ್ಲಿದ್ದ ಬಾಚಣಿಗೆ ನಿಂತಿತು. "ಯಾವ ಬಣ್ಣ ಅಮ್ಮಾ?"

"ತಾಮ್ರದ್ದು. ಉಜ್ಜಿದ ತಾಮ್ರ."

"ಓ. ಎಷ್ಟು ಅಗಲ?"

"ಬೆರಳಷ್ಟು."

"ಯಾವ ಕಿವಿ?"

ಅತ್ತೆ ಕಣ್ಣು ಮುಚ್ಚಿ ಕನ್ನಡಿಯಲ್ಲಿ ಕಂಡ ಮುಖವನ್ನು ನೆನೆದಳು. ಹೊಳೆದ ಎಳೆ ತನ್ನ ಬಲಗಡೆಗೆ ಇತ್ತು. ಆದರೆ ಮುಖ ತನ್ನ ಕಡೆಗಿತ್ತಲ್ಲ. ಜೋಡಿ ಎತ್ತಿನ ಎದುರು ನಿಂತರೆ ಎಡದ ಎತ್ತು ನಮ್ಮ ಬಲಕ್ಕೆ ಕಾಣುತ್ತದೆ. ಹರೆಯದಲ್ಲಿ ದಿನವೂ ನೊಗ ಕಟ್ಟಿದವಳಿಗೆ ಅಷ್ಟು ತಿಳಿಯದೆ?

"ಎಡಗಿವಿ," ಎಂದಳು ಖಚಿತವಾಗಿ.

"ಇಲ್ಲೇನಾ? ಇಲ್ಲಾ ಇನ್ನೂ ಕೆಳಗಾ? ಕೂತ್ಕೊಳ್ಳಿ, ನಿಮ್ಮ ತಲೆ ಮೇಲೇ ತೋರಿಸಿ. ದುಡ್ಡು ಬೇಡ ಅಮ್ಮಾ."

ಕುರ್ಚಿ ಮೆತ್ತಗಿತ್ತು. ಯಾರೋ ಬೆಚ್ಚಗಿನ ನೀರಲ್ಲಿ ತಲೆ ನೆನೆಸಿದರು. ಅತ್ತೆ ತಾನು ಕೇಳಲು ಬಂದ ಪ್ರಶ್ನೆಗೆ ಉತ್ತರ ಸಿಕ್ಕಿಲ್ಲವೆಂದು ನೆನಪಿಸಿಕೊಳ್ಳುವಷ್ಟರಲ್ಲಿ ಅವಳ ಬಿಳಿಕೂದಲಲ್ಲಿ, ಎಡಗಿವಿಯ ಹಿಂದೆ, ತಾಮ್ರದ ಪಟ್ಟಿಯೊಂದು ಒಣಗುತ್ತಿತ್ತು.

ದಾರಿಯಲ್ಲಿ ಒಂದು ಕಂದು ಬಟ್ಟೆ ಕೊಂಡು ತಲೆಗೆ ಕಟ್ಟಿಕೊಂಡಳು. ಉಪ್ಪು ಮರೆತಳು.

ಭಾನುವಾರ ಬೆಳಿಗ್ಗೆ ಉಳಿದ ಹುಡುಗಿಯರಿಗೆ ಬಣ್ಣ ಹಚ್ಚಲೆಂದು ಸೊಸೆ ಪಾರ್ಲರಿಗೆ ಹೋದಳು. ಒಡತಿ ಬಾಗಿಲಲ್ಲೇ ನಿಂತಿದ್ದಳು, ಬೀದಿಯಾಚೆ ನೋಡುತ್ತಾ. ಎದುರಂಗಡಿಯ ಮೆಟ್ಟಿಲ ಮೇಲೆ ಮೂವರು ಹುಡುಗಿಯರು ಕೂದಲು ಸರಿಸಿಕೊಂಡು ನಿಂತಿದ್ದರು. ಮೂವರ ಕಿವಿಯ ಹಿಂದೆಯೂ ತಾಮ್ರ ಹೊಳೆಯುತ್ತಿತ್ತು. ಮೇಲೆ ದೊಡ್ಡ ಹಲಗೆ: ಈ ಬೇಸಿಗೆಯ ಹೊಸ ರೂಪ, ಮೊದಲು ನಮ್ಮಲ್ಲಿ.

"ಮೂರು ಜನಕ್ಕೆ ಗೊತ್ತಿತ್ತು," ಎಂದಳು ಒಡತಿ. "ನಾನು ಹೇಳಿಲ್ಲ."

"ನಾನೂ ಹೇಳಿಲ್ಲ," ಎಂದಳು ಗುಂಗುರಿ. "ಬೇಕಾದ್ರೆ ಆಣೆ ಹಾಕ್ತೀನಿ."

ಸೊಸೆ ತಲೆಯ ಬಟ್ಟೆಯ ಗಂಟು ಹಿಡಿದುಕೊಂಡು ನಿಂತಿದ್ದಳು. "ನಾನು ನನ್ನ ಗಂಡನಿಗೂ ತೋರಿಸಿಲ್ಲ ಅಕ್ಕಾ."

"ಗಂಡನಿಗೂ ತೋರಿಸದೋಳು ಎದುರಂಗಡಿಯವರಿಗೆ ತೋರಿಸಿದೀಯಾ ಅಂತ ಆಯ್ತಲ್ಲ." ಒಡತಿ ದನಿ ಎತ್ತಲಿಲ್ಲ. "ಕಿಟಕಿ ಕುರ್ಚಿ ಗುಂಗುರೀದು. ನೀನು ಟವಲು ನೋಡ್ಕೋ. ನಿಜ ಗೊತ್ತಾದ ದಿನ ಮಾತಾಡೋಣ. ನೀನೇ ಅಂತ ಗೊತ್ತಾದ್ರೆ ಮಾತಾಡೋದೂ ಬೇಡ."

ಆ ಸಂಜೆ ಸೊಸೆ ತಲೆಯ ಬಟ್ಟೆ ಇಲ್ಲದೆಯೇ ಮನೆಗೆ ಬಂದಳು. ಗುಟ್ಟು ಬೀದಿಗೆ ಬಿದ್ದ ಮೇಲೆ ಮುಚ್ಚಿಕೊಳ್ಳುವುದೇನು? ಗಂಡ ಮೊದಲ ಸಲ ಆ ಕೂದಲು ನೋಡಿದ.

"ಇಷ್ಟೇನಾ?" ಎಂದ.

"ಇಷ್ಟೇ."

"ಚೆನ್ನಾಗಿದೆ."

ಅವಳು ಹೋಗಿ ಪಾತ್ರೆ ತೊಳೆಯತೊಡಗಿದಳು. ಪಾತ್ರೆಗಳ ಸದ್ದು ಹಿತ್ತಲಿನವರೆಗೆ ಕೇಳಿತು. ಮಾವ ಬದನೆ ಮಡಿಗೆ ನೀರು ಬಿಡುವುದನ್ನು ನಿಲ್ಲಿಸಿ ಬಂದು ಬಾಗಿಲಲ್ಲಿ ನಿಂತ. ಒಲೆಯ ಮುಂದೆ ಹೆಂಡತಿ ಕಂದು ಬಟ್ಟೆ ಸುತ್ತಿಕೊಂಡು ಕೂತಿದ್ದಳು.

"ಒಬ್ಬಳು ಬಿಚ್ಚಿದ್ಲು, ಇನ್ನೊಬ್ಬಳು ಕಟ್ಟಿದ್ಲು," ಎಂದ ಮಾವ. "ಈ ಮನೇಲಿ ಇದೇನು ಅಂಟುರೋಗಾನೋ!"

"ಶೀತ ಆಗಿದೆ," ಎಂದಳು ಅತ್ತೆ.

ಬಿಸಿಲು ಏರುತ್ತಾ ಹೋದರೂ ಅತ್ತೆಯ ಶೀತ ಇಳಿಯಲಿಲ್ಲ. ಸೊಸೆ ದಿನವೂ ಒದ್ದೆ ಟವಲುಗಳ ಬುಟ್ಟಿ ಹೊತ್ತು ಪಾರ್ಲರಿನ ಮಹಡಿಗೆ ಹತ್ತಿ ಒಣಹಾಕುತ್ತಿದ್ದಳು. ಕೈ ಸೋಪಿಗೆ ಒಡೆಯಿತು. ಮನೆಯಲ್ಲಿ ಅವಳ ಅನುಮಾನ ಗಂಡನ ಮೇಲೆ. ವ್ಯಾನಿನಲ್ಲಿ ಕೂತು ನೋಡಿದವನು ಅವನೇ ತಾನೆ.

"ಯಾರ ಹತ್ರ ಹೇಳಿದ್ರಿ? ಹಾಲು ಹಾಕೋ ಮನೇಲಾ?"

"ಕಣ್ಣಾರೆ ನೋಡೇ ಇಲ್ಲದ್ದು ನಾನೇನು ಹೇಳಲಿ? ನೀನೇ ತಾನೆ ಗಂಡನ್ನ ಕಳ್ಳನ ಹಾಗೆ ದೂರ ಇಟ್ಟಿದ್ದು!"

"ನೀವೇ ತಾನೆ ಹೆಂಡತೀನ ಕಳ್ಳಿ ಹಾಗೆ ಕಾದಿದ್ದು!"

ಇಂಥ ಮಾತಿನ ಹೊತ್ತಿಗೆ ಅತ್ತೆಗೆ ಹಿತ್ತಲಲ್ಲಿ ಏನಾದರೊಂದು ಕೆಲಸ ಬರುತ್ತಿತ್ತು.

ಒಂದು ಮಧ್ಯಾಹ್ನ ಮಹಡಿಯಲ್ಲಿ ಟವಲು ಹರವುತ್ತಿದ್ದಾಗ ಕೆಳಗೆ ಎದುರಂಗಡಿಯ ಹುಡುಗಿ ಕಸ ಗುಡಿಸಲು ಹೊರಗೆ ಬಂದಳು. ಬೆವರು ಒರೆಸಿಕೊಂಡು ಕೂದಲು ಸರಿಸಿದಳು. ಎಡಗೈಯಿಂದ ಎಡಗಿವಿ. ಸೊಸೆಯ ಕೈಯಲ್ಲಿದ್ದ ಟವಲು ಜಾರಿ ಕೆಳಗೆ ಬಿತ್ತು. ಆ ಭಾನುವಾರದಿಂದ ಅವಳು ಆಚೆ ಕಡೆ ತಲೆ ಎತ್ತಿ ನೋಡಿರಲೇ ಇಲ್ಲ.

ಎಡಗಿವಿ ಯಾಕೆ? ಗುಂಗುರಿ ಹೇಳಿದ್ದರೆ ಬಲ ಅನ್ನುತ್ತಿದ್ದಳು, ಹಚ್ಚಿದ ಕೈ ಅವಳದು. ಪಾರ್ಲರಿನವರು ದಿನವಿಡೀ ಕನ್ನಡಿಯಲ್ಲೇ ಬದುಕುವವರು. ಎಡ ಬಲ ಅವರಿಗೆ ತಪ್ಪುವುದಿಲ್ಲ. ಕನ್ನಡಿಯಲ್ಲಿರುವುದನ್ನು ಎದುರಿಗೆ ನಿಂತ ಹೆಂಗಸು ಅಂದುಕೊಂಡವರು ಮಾತ್ರ ಹೀಗೆ ಹೇಳುತ್ತಾರೆ. ತಲೆಯ ಬಟ್ಟೆಯನ್ನು ತಾನು ಬಿಚ್ಚಿದ್ದು ಒಂದೇ ಕನ್ನಡಿಯ ಮುಂದೆ. ಆ ಕನ್ನಡಿ ಕಾಣುವುದು ಒಂದೇ ಜಾಗದಿಂದ, ಒಲೆಯ ಮುಂದಿನಿಂದ.

ಸಂಜೆ ಎಲ್ಲರೂ ಊಟಕ್ಕೆ ಕೂತರು. ರೊಟ್ಟಿಯ ಬುಟ್ಟಿ ಸುತ್ತು ಬಂತು. ಸೊಸೆ ತನ್ನ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

"ಅತ್ತೆ, ತಲೆ ಬಟ್ಟೆ ಬಿಚ್ಚಿ."

"ಶೀತ ಅಂದ್ನಲ್ಲ."

"ಬಿಚ್ಚಿ ಅತ್ತೆ."

"ಏನೇ ಇದು, ದೊಡ್ಡೋರಿಗೆ..." ಎಂದು ಗಂಡ ಬಾಯಿ ತೆರೆದ. ಮಾವ ಅವನ ಮಂಡಿಯ ಮೇಲೆ ಕೈ ಇಟ್ಟ.

ಅತ್ತೆ ಬೇಳೆಯ ಪಾತ್ರೆಗೆ ಮುಚ್ಚಳ ಹಾಕಿದಳು. ಆಮೇಲೆ ಗಂಟು ಬಿಚ್ಚಿದಳು. ಬಟ್ಟೆ ಭುಜಕ್ಕೆ ಇಳಿಯಿತು. ಬಿಳಿಯ ಕೂದಲಿನ ನಡುವೆ ತಾಮ್ರ ದೀಪದ ಬೆಳಕಿಗೆ ನಾಚಿಕೆಯಿಲ್ಲದೆ ಮಿನುಗಿತು.

"ಅಯ್ಯೋ ಅಮ್ಮಾ!" ಎಂದ ಮಗ.

"ನಿನ್ನ ಮೇಲೆ ಅನುಮಾನ ಇತ್ತು," ಎಂದಳು ಅತ್ತೆ, ಸೊಸೆಗೆ. "ಎದುರಂಗಡಿಯೋಳ ಹತ್ರ ಕೇಳೋಕೆ ಹೋದೆ. ಅವಳು ಕೇಳಿಸ್ಕೊಂಡ್ಲು. ನಾನು ಹೇಳಿದ್ದೆಲ್ಲ ಅವಳಿಗಾಯ್ತು, ನನಗೆ ಸಿಕ್ಕಿದ್ದು ಇದು."

"ನನ್ನನ್ನೇ ಕೇಳಬಹುದಿತ್ತಲ್ಲ."

"ಕೇಳಿದ್ರೆ ನಂಬ್ತಿದ್ನಾ?"

"ಆ ಕುರ್ಚೀಲಿ ಯಾಕೆ ಕೂತ್ರಿ?"

ಅತ್ತೆ ಭುಜದ ಮೇಲಿನ ಬಟ್ಟೆಯನ್ನು ಮಡಿಲಿಗೆ ಎಳೆದುಕೊಂಡು, "ಮೆತ್ತಗಿತ್ತು," ಎಂದಳು.

ಮಾವನಿಗೆ ನಗು ತಡೆಯಲಾಗದೆ ಎದ್ದು ಹಿತ್ತಲಿಗೆ ಹೋದ. ಒಳಗೆ ಉಳಿದ ಮೂವರಲ್ಲಿ ಯಾರೂ ನಗಲಿಲ್ಲ.

ಮರುದಿನ ಅತ್ತೆ ಯಾರಿಗೂ ಹೇಳದೆ ಸೊಸೆಯ ಹಿಂದೆಯೇ ಪೇಟೆಗೆ ನಡೆದು ಪಾರ್ಲರಿನ ಒಡತಿಯ ಮುಂದೆ ನಿಂತಳು. ನಡೆದದ್ದನ್ನೆಲ್ಲ ಹೇಳಿದಳು. ಒಡತಿ ಕೈ ಕಟ್ಟಿಕೊಂಡು ಕೇಳಿದಳು.

"ಸೊಸೆ ಕೆಲಸ ಉಳಿಸೋಕೆ ಕಥೆ ಕಟ್ಟಿದೀರಿ ಅಮ್ಮಾ."

"ಅತ್ತೆ ಸೊಸೆಗೋಸ್ಕರ ಸುಳ್ಳು ಹೇಳೋದನ್ನ ನೀನು ಎಲ್ಲಾದ್ರೂ ಕಂಡಿದೀಯಾ ತಾಯಿ?"

ಕುರ್ಚಿಗಳಲ್ಲಿದ್ದ ಗಿರಾಕಿಗಳು ಕಿಸಕ್ಕನೆ ನಕ್ಕರು. ಅತ್ತೆ ತಲೆಯ ಬಟ್ಟೆ ಎಳೆದು ಹಾಕಿ ಎಡಗಿವಿ ತಿರುಗಿಸಿ ತೋರಿಸಿದಳು. ಒಡತಿ ಬಗ್ಗಿ ಕೂದಲನ್ನು ಬೆರಳಿಂದ ಸರಿಸಿ ನೋಡಿದಳು. "ಇದು ಎದುರಂಗಡಿಯೋಳ ಕೈಕೆಲಸಾನೇ. ಬೇರಿಗೆ ಸರಿಯಾಗಿ ಹಚ್ಚಲ್ಲ ಅವಳು." ಎಂದವಳೇ ಎದ್ದು ನಿಂತು ಕಿಟಕಿಯ ಕಡೆ ನೋಡಿದಳು. ಅಲ್ಲಿ ಗುಂಗುರಿ ಗಿರಾಕಿಯೊಬ್ಬಳ ಕೂದಲು ಕತ್ತರಿಸುತ್ತಿದ್ದವಳು ಕತ್ತರಿ ನಿಲ್ಲಿಸಿದ್ದಳು.

"ಕೊಟ್ಟ ಕುರ್ಚೀನ ನಡುವೆ ಕಿತ್ಕೊಳ್ಳೋಕಾಗಲ್ಲ," ಎಂದಳು ಒಡತಿ ಸೊಸೆಗೆ. "ಟವಲು ಬಿಡು, ಹಿಂದಿನ ಕುರ್ಚೀಲಿ ನಿಂತ್ಕೋ. ಮಳೆಗಾಲದ ರೂಪ ನಿನ್ನ ಮೇಲೇ ಮಾಡ್ತೀವಿ. ಆದ್ರೆ ನಿಮ್ಮನೆ ಬಾಯಿಗೆ ಬೀಗ ಇದೆಯಾ ನೋಡ್ಕೋ. ಇನ್ನೊಂದು ಸಲ ಹೊರಗೆ ಹೋದ್ರೆ ಕುರ್ಚಿ ಇಲ್ಲ, ಕೆಲಸಾನೂ ಇಲ್ಲ."

ಹೊರಗೆ ಬಂದ ಮೇಲೆ ಅತ್ತೆ ಕೇಳಿದಳು: "ಈ ಬಣ್ಣ ತೆಗೀಬಹುದಾ?"

"ಮೇಲೆ ಬೇರೆ ಬಣ್ಣ ಹಚ್ಚಬಹುದು. ನಾನೇ ಹಚ್ತೀನಿ."

"ಬೇಡ. ತಾನಾಗಿ ಬೆಳೆದು ಹೋಗಲಿ." ಅತ್ತೆ ಕಂದು ಬಟ್ಟೆಯನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡು ಬರಿದಲೆಯಲ್ಲೇ ಪೇಟೆ ಬೀದಿಯುದ್ದಕ್ಕೂ ನಡೆದಳು. ಈರುಳ್ಳಿಯವಳು ಕೇಳಿದಳು, ಹಿಟ್ಟಿನ ಗಿರಣಿಯವನು ಕೇಳಿದ. ಕೇಳಿದವರಿಗೆಲ್ಲ, "ಊರ ಉಸಾಬರಿಗೆ ಸಿಕ್ಕ ಬಹುಮಾನ," ಎಂದಳು.

ಬೇಸಿಗೆ ಕಳೆಯುತ್ತಾ ಬಂತು. ಅತ್ತೆಯ ತಾಮ್ರದ ಬುಡದಲ್ಲಿ ಬಿಳಿ ಕಂಡಿತು. ಗಂಡ ಬಚ್ಚಲ ಬಾಗಿಲಿಗೆ ಹೊಸ ಚಿಲಕ ಹಾಕಿದ. ಅತ್ತೆ ಸೊಸೆಯ ನಡುವೆ ಮಾತಿತ್ತು. ಹಿಟ್ಟು ಎಷ್ಟು, ಸೋಪು ಮುಗಿಯಿತು, ನಾಳೆ ಏನು ಬೇಯಿಸುವುದು. ಅದರಾಚೆಗೆ ಹೋಗುತ್ತಿರಲಿಲ್ಲ.

ಮೊದಲ ಮೋಡಗಳು ಬಂದ ವಾರ ಸೊಸೆ ಮತ್ತೆ ಬೂದು ಬಟ್ಟೆ ಕಟ್ಟಿಕೊಂಡು ಮನೆಗೆ ಬಂದಳು. ಅತ್ತೆ ನೋಡಿ ಒಲೆಯ ಕಡೆ ಮುಖ ತಿರುಗಿಸಿದಳು. "ನನಗೆ ತೋರಿಸಬೇಡ."

"ನೋಡಿ ಅತ್ತೆ. ನಿಮ್ಮಿಂದ ಏನು ಮುಚ್ಚೋದು?"

ಸೊಸೆ ಬಟ್ಟೆಯನ್ನು ಮುಂದಿನಿಂದ ಸ್ವಲ್ಪವೇ ಮೇಲೆತ್ತಿದಳು. ಹಣೆಯ ಮೇಲೆ ಹುಬ್ಬಿನವರೆಗೆ ದಟ್ಟವಾದ, ಕೆಂಪು ಛಾಯೆಯ ಮುಂಗೂದಲು. "ಈ ಸಲ ಇದು. ಸೋಮವಾರದವರೆಗೆ ಗುಟ್ಟು." ಹೇಳುವಾಗ ಅವಳು ಅತ್ತೆಯ ಮುಖವನ್ನೇ ನೋಡುತ್ತಿದ್ದಳು.

ಅತ್ತೆ ಒಮ್ಮೆ ನೋಡಿದಳು. "ಹ್ಞೂಂ," ಎಂದು ರೊಟ್ಟಿ ಮಗುಚಿದಳು.

ಆಮೇಲಿನ ದಿನಗಳಲ್ಲಿ ಸೊಸೆ ಕೆಲಸದ ನಡುವೆ ಬೀದಿಯಾಚೆ ನೋಡುತ್ತಲೇ ಇದ್ದಳು. ಅತ್ತೆ ಉಪ್ಪಿಗೆಂದು ಪೇಟೆಗೆ ಹೋದ ದಿನ ಅವಳ ಕಣ್ಣು ಬೀದಿಯಲ್ಲಿದ್ದು ಗಿರಾಕಿಯ ಕಿವಿಗೆ ಕತ್ತರಿ ತಾಗಿತು. ಎದುರಂಗಡಿಯ ಹುಡುಗಿಯರ ಹಣೆ ಬಯಲಾಗಿಯೇ ಇತ್ತು. ಶನಿವಾರವೂ ಬಯಲು. ಭಾನುವಾರವೂ ಬಯಲು.

ಭಾನುವಾರ ಸಂಜೆ ಅವಳು ಮನೆಗೆ ಬಂದಾಗ ಅಂಗಳದ ತಂತಿಯ ಮೇಲೆ ಬಟ್ಟೆ ಒಣಗುತ್ತಿತ್ತು. ಮಾವನ ಅಂಗಿ, ಗಂಡನ ಕಾಲುಚೀಲ ಎರಡು. ಅವುಗಳ ನಡುವೆ, ಮರದ ಕ್ಲಿಪ್ಪಿಗೆ ಸಿಕ್ಕಿಸಿ, ಕೆಂಪು ಛಾಯೆಯ ಮುಂಗೂದಲು ಗಾಳಿಗೆ ಅಲ್ಲಾಡುತ್ತಿತ್ತು.

ಸೊಸೆ ನಿಂತಲ್ಲೇ ನಿಂತಳು. ಅತ್ತೆ ಹೊಸ್ತಿಲಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದಳು.

"ಬಚ್ಚಲಲ್ಲಿ ಬಿದ್ದಿತ್ತು. ಅಂಗಡಿಯ ಚೌರಿ ತಾನೆ, ಕೊಳೆ ಆಗಿತ್ತು, ಒಗೆದೆ."

"ಯಾವಾಗ ಸಿಕ್ತು?"

"ಇವತ್ತು. ಗೊತ್ತಾಗಿದ್ದು ಅವತ್ತೇ, ನೀನು ಬಟ್ಟೆ ಎತ್ತಿದಾಗಲೇ. ನಿನ್ನ ತಲೆಗೆ ಎಣ್ಣೆ ತಿಕ್ಕಿದ ಕೈ ಇದು. ನಿನ್ನ ಕೂದಲು ಹಣೆ ಮೇಲೆ ಹಾಗೆ ಕೂರಲ್ಲ."

"ಗೊತ್ತಿದ್ದೂ ಏನೂ ಅನ್ನಲಿಲ್ಲ ನೀವು."

"ಪರೀಕ್ಷೆ ಕೊಡೋವಾಗ ಮಾತಾಡಬಾರದಲ್ಲ." ಅತ್ತೆ ಕೊಳೆತ ಎಲೆಯೊಂದನ್ನು ಆರಿಸಿ ಅಂಗಳಕ್ಕೆ ಎಸೆದಳು. "ನಾನು ಪಾಸಾದ್ನಾ?"

ಸೊಸೆ ತಂತಿಯ ಮೇಲಿದ್ದದ್ದನ್ನು ಬಿಡಿಸಿಕೊಂಡಳು. ಇನ್ನೂ ಒದ್ದೆಯಿತ್ತು. ಬಂದು ಹೊಸ್ತಿಲ ಇನ್ನೊಂದು ತುದಿಯಲ್ಲಿ ಕೂತಳು. ತಲೆಯ ಬೂದು ಬಟ್ಟೆಯ ಗಂಟಿಗೆ ಅವಳ ಕೈ ಹೋಯಿತು.

"ನಿಜವಾದ್ದು ನೋಡ್ತೀರಾ?"

ಅತ್ತೆ ಕೈ ಅಡ್ಡ ಹಿಡಿದಳು.

"ಬೇಡ. ನಾಳೆ ಬೀದಿಗೆ ಬಂದು ನೋಡ್ತೀನಿ. ಕಿಟಕೀಲಿ, ಎಲ್ಲರ ಜೊತೆ." ಅರ್ಧ ಸೊಪ್ಪನ್ನು ಸೊಸೆಯ ಮಡಿಲಿಗೆ ತಳ್ಳಿದಳು. "ಈಗ ಇದು ಬಿಡಿಸು."